ಅಲ್ಲಾಡಿಸಿ ನೋಡಿದ ಬಂದೂಕು

ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ದಾರಿಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಎಡಗಡೆಗೆ ಉದ್ದನೆಯ ಶೀಟಿನ ಗೋಡೌನು ಸಿಗುತ್ತದೆ. ಹಿಂದೆ ಅದು ಕೊಬ್ಬರಿ ಗೋಡೌನು. ಈಗ ನಮ್ಮ ರೈಫಲ್ ಕ್ಲಬ್ಬು. ಎಷ್ಟು ಸಲ ಸುಣ್ಣ ಬಳಿದರೂ ಒಳಗೆ ಕಾಲಿಟ್ಟ ಕೂಡಲೇ ಕೊಬ್ಬರಿ ವಾಸನೆ ಹೊಡೆಯುತ್ತದೆ. ಈ ತುದಿಯಲ್ಲಿ ನಿಂತು ಹತ್ತು ಮೀಟರ್ ದೂರದ ಗೋಡೆಯ ಮೇಲಿನ ಗುರಿಗೆ ಏರ್ ರೈಫಲ್ಲಿನಲ್ಲಿ ಹೊಡೆಯಬೇಕು. ಗುಂಡು ಅಂದರೆ ಕಡಲೆಕಾಳಿಗಿಂತ ಚಿಕ್ಕದಾದ ಸೀಸದ ಚೂರು. "ಇದೇನ್ರೀ, ಆಟದ ಸಾಮಾನು" ಅನ್ನುವವರೇ ಜಾಸ್ತಿ. ನಾನೂ ಹಾಗೇ ಅನ್ನುತ್ತಿದ್ದೆ.

ನನ್ನ ಹೆಸರು ದಯಾನಂದ. ಬಿ.ಎಚ್. ರಸ್ತೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದೇನೆ. ಹನ್ನೊಂದು ವರ್ಷದಿಂದ ಗುರಿ ಹೊಡೆಯುತ್ತಿದ್ದೇನೆ, ಜಿಲ್ಲಾ ಮಟ್ಟ ದಾಟಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಿಗೆ ಉಸಿರು ಹಿಡಿದು ಆಡುವ ಆಟ ಒಗ್ಗುವುದಿಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ, ಅದು ನಿಜವೇ. ಇದು ನನ್ನ ಕಥೆಯಲ್ಲ, ವನಜಕ್ಕನದು. ಆದರೆ ನನ್ನನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಒಂದು ಸಲ ಹಾಗೆ ಮಾಡಲು ಹೋಗಿ ಮರ್ಯಾದೆ ಕಳೆದುಕೊಂಡಿದ್ದೇನೆ, ಸಾಕು.

ವನಜಾಕ್ಷಿ ನೊಣವಿನಕೆರೆಯವಳು. ಗಂಡ ಬೋರಯ್ಯನಿಗೆ ಅರವತ್ತು ತೆಂಗಿನ ಮರ, ಒಂದಿಷ್ಟು ರಾಗಿ ಹೊಲ, ಎರಡು ಹಸು. ಹದಿನಾರನೇ ವಯಸ್ಸಿಗೇ ವನಜಕ್ಕ ಇದೇ ಗೋಡೌನಿಗೆ ಕೂಲಿಗೆ ಬಂದಳು. ನಮ್ಮ ಕಡೆ ತೆಂಗಿನಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವಂತಿಲ್ಲ, ಒಡೆದರೆ ಕಾಯಿ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಿಟಗಿಟ ಅಂದರೆ ಆಗಿದೆ. ಸದ್ದೇ ಬರದಿದ್ದರೆ ಒಳಗೆ ಇನ್ನೂ ಹಸಿ, ಮತ್ತೆ ಅಟ್ಟಕ್ಕೆ. ಸದ್ದು ಮಂಕಾಗಿದ್ದರೆ ಕೌಟು, ಕೆಟ್ಟಿದೆ, ಆಚೆಗೆ.

ವನಜಕ್ಕ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು, ಎರಡು ಕಿವಿಯಲ್ಲಿ ಎರಡನ್ನೂ ಕೇಳಿ ಮೂರು ಗುಡ್ಡೆ ಮಾಡುತ್ತಿದ್ದಳು. ಪಕ್ಕದವಳ ಜೊತೆ ಮಾತು ನಿಲ್ಲಿಸುತ್ತಿರಲಿಲ್ಲ, ಬಾಯಲ್ಲಿ ಎಲೆಯಡಿಕೆ ಬೇರೆ. ಒಮ್ಮೆ ಅರಸೀಕೆರೆ ಕಡೆಯ ವ್ಯಾಪಾರಿಯೊಬ್ಬ ನಂಬದೆ, ಅವಳು ಗುಡ್ಡೆ ಮಾಡಿದ್ದರಲ್ಲಿ ಇಪ್ಪತ್ತು ಕಾಯಿ ಆರಿಸಿ ಒಡೆಸಿದನಂತೆ. ಇಪ್ಪತ್ತೂ ಅವಳು ಹೇಳಿದ ಹಾಗೇ ಇದ್ದವು. ಆಮೇಲೆ ಅವನು ಅವಳನ್ನು "ಅಮ್ಮಾವ್ರೇ" ಅಂತ ಮಾತಾಡಿಸಲು ಶುರುಮಾಡಿದನು ಎಂದು ಅವಳೇ ನಗುತ್ತಾ ಹೇಳುತ್ತಿದ್ದಳು.

ಗೋಡೌನು ಕ್ಲಬ್ಬಾದಾಗ ವನಜಕ್ಕನೂ ಕಟ್ಟಡದ ಜೊತೆಗೇ ನಮಗೆ ಬಂದಳು. ಕಸ ಗುಡಿಸುವುದು, ಕಾಫಿ ಮಾಡುವುದು, ಗುರಿಯ ಕಾಗದ ಬದಲಾಯಿಸುವುದು ಅವಳ ಕೆಲಸ. ಬಂದೂಕಿನ ನಿಯಮಗಳನ್ನು ನಾವು ಗೋಡೆಗೆ ಅಂಟಿಸಿ ಮರೆತೆವು. ಅವಳು ಗೋಡೆ ಒರೆಸುತ್ತಾ ಓದಿ ಓದಿ ಬಾಯಿಪಾಠ ಮಾಡಿದಳು. ಯಾರಾದರೂ ತಪ್ಪಿದರೆ ಪೊರಕೆ ಹಿಡಿದುಕೊಂಡೇ ಗದರುತ್ತಿದ್ದಳು. ಕೊನೆಗೆ ನಾವೇ ಹೆಸರು ಕೊಟ್ಟು, ಜಿಲ್ಲಾ ಸಂಘದವರ ತರಬೇತಿಗೆ ಕಳಿಸಿದೆವು. ಏಳನೇ ಕ್ಲಾಸು ಓದಿದ ಹೆಂಗಸು, ನಲವತ್ತೊಂಬತ್ತನೇ ವಯಸ್ಸಿಗೆ ಪರೀಕ್ಷೆ ಬರೆದು ರೇಂಜ್ ಆಫೀಸರಾಗಿ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಬಂದಳು. ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ಜಾಗದಲ್ಲಿ, ಅವಳು ನಿಲ್ಲು ಅಂದರೆ ಎಲ್ಲರೂ ನಿಲ್ಲಬೇಕು. ಕ್ಲಬ್ಬಿನ ಅಧ್ಯಕ್ಷರೂ ನಿಲ್ಲಬೇಕು.

ಅವಳ ಮುಖ್ಯ ಕೆಲಸ ಕೊನೆಯದು. ಹೊಡೆಯುವುದು ಮುಗಿದ ಮೇಲೆ ಪ್ರತಿಯೊಬ್ಬರೂ ಬಂದೂಕು ಬಿಚ್ಚಿ ತೋರಿಸಬೇಕು. ಗುಂಡು ಕೂರುವ ಜಾಗವನ್ನು ಅವಳು ಕಣ್ಣಾರೆ ನೋಡಬೇಕು. ಆಮೇಲೆ ಕಿತ್ತಳೆ ಬಣ್ಣದ ಗಟ್ಟಿ ನೈಲಾನ್ ದಾರವನ್ನು ಅಲ್ಲಿಂದ ನಳಿಕೆಯೊಳಗೆ ತೂರಿಸಿ, ಆ ತುದಿಯಲ್ಲಿ ಹೊರಬರುವುದನ್ನೂ ನೋಡಬೇಕು. ದಾರ ಬಂದರೆ ಒಳಗೆ ಏನೂ ಇಲ್ಲ. ಆಗ ಅವಳು "ಖಾಲಿ" ಅಂದರೆ ಮಾತ್ರ ಬಂದೂಕು ಪೆಟ್ಟಿಗೆ ಸೇರಬೇಕು. ಏಳು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನಾನೊಮ್ಮೆ ಬಂದೂಕು ಕೈಯಲ್ಲಿ ಹಿಡಿದೇ ಯಾರೋ ಕರೆದರು ಅಂತ ಹಿಂದಕ್ಕೆ ತಿರುಗಿದ್ದಕ್ಕೆ, "ಮೂತಿ ಗೋಡೆ ಕಡೀಕೆ ಇರ್ಲಿ ಅಂತ ಎಷ್ಟು ಸಲ ಬಡ್ಕೊಳ್ಳಾಣ ನಿಂಗೆ! ನಡಿ ಆಚೆಗೆ" ಅಂತ ನನ್ನನ್ನು ಇಡೀ ದಿನ ಹೊರಗೆ ಕೂರಿಸಿದಳು. ಮಾಮೂಲಿಯಾಗಿ ನನ್ನನ್ನು ದಯಣ್ಣ, ನೀವು ಅನ್ನುವವಳು, ಸಿಟ್ಟು ಬಂದರೆ ಸೀದಾ ಏಕವಚನಕ್ಕೆ ಇಳಿಯುತ್ತಿದ್ದಳು. ನಾನು ಮುಖ ಊದಿಸಿಕೊಂಡು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ, ಅವಳೇ ಕಾಫಿ ತಂದುಕೊಟ್ಟಳು.

ಎರಡು ವರ್ಷದ ಹಿಂದೆ ರಾಜ್ಯ ಮಟ್ಟದ ಸ್ಪರ್ಧೆಗೆ ರೇಂಜ್ ಆಫೀಸರಾಗಿ ಬರಬೇಕೆಂದು ವನಜಕ್ಕನಿಗೆ ಪತ್ರ ಬಂತು. ನಮ್ಮ ಸುತ್ತಿನ ಮೂರು ತಾಲ್ಲೂಕಿನಿಂದ ಯಾರಿಗೂ ಅಂಥ ಕರೆ ಬಂದಿರಲಿಲ್ಲ. ಅದೇ ಸ್ಪರ್ಧೆಗೆ ನಮ್ಮ ಕ್ಲಬ್ಬಿನಿಂದ ಮೋಹನ್ ಕುಮಾರ್ ಕೂಡ ಆಯ್ಕೆಯಾಗಿದ್ದ. ತುರುವೇಕೆರೆ ಬಸ್ಸಿನ ಕಂಡಕ್ಟರು, ನಲವತ್ತು ದಾಟಿದವನು, ಆರು ವರ್ಷ ಒಂದೆರಡು ಅಂಕದಲ್ಲಿ ಸೋತು ಸೋತು ಕೊನೆಗೂ ಗೆದ್ದಿದ್ದ. ಬೋರಯ್ಯ ಆ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಜೇಬಲ್ಲಿಟ್ಟುಕೊಂಡು ನೊಣವಿನಕೆರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ. "ನಮ್ಮೋಳು ಸ್ಟಾಪ್ ಅಂದ್ರೆ ಇಡೀ ರಾಜ್ಯವೇ ಸ್ಟಾಪ್ ಕಣ್ಲಾ" ಅನ್ನುತ್ತಿದ್ದನಂತೆ.

ಹೊರಡಲು ಹನ್ನೆರಡು ದಿನ ಇತ್ತು. ಅದೊಂದು ಭಾನುವಾರ.

ಅವತ್ತು ಬೆಳಿಗ್ಗೆ ಗೋಡೌನಿನ ಹಳೇ ಯಜಮಾನರ ಮನೆಯಲ್ಲಿ ಕಾಯಿ ಆರಿಸುವವರು ಬಂದಿರಲಿಲ್ಲ. ಹೇಳಿ ಕಳಿಸಿದರು ಅಂತ ದಾಕ್ಷಿಣ್ಯಕ್ಕೆ ವನಜಕ್ಕ ಆರು ಗಂಟೆಗೇ ಹೋಗಿ, ಮೂರು ಗಂಟೆ ಹೊತ್ತು ಕಾಯಿ ಅಲ್ಲಾಡಿಸಿ, ಹಾಗೇ ಕ್ಲಬ್ಬಿಗೆ ಬಂದಿದ್ದಳು. ಸೆರಗಿನ ಮೇಲೆ ನಾರಿನ ಧೂಳು ಇತ್ತು. ನಾನು ಅದಕ್ಕೂ ಚುಡಾಯಿಸಿದ್ದೆ.

ಅಭ್ಯಾಸ ಮುಗಿಯುವ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಪೈಪಿನ ಲಾರಿ ಬಂದು ನಿಂತಿದೆ ಅಂತ ಫೋನು ಬಂತು. ನಾನು ಕೊನೆಯ ಗುಂಡು ತುಂಬಿ ಬಂದೂಕು ಮುಚ್ಚಿದ್ದೆ, ಅಷ್ಟರಲ್ಲಿ ವನಜಕ್ಕ "ಸ್ಟಾಪ್" ಅಂದಳು. ತುಂಬಿದವನು ಕೈ ಎತ್ತಿ ಹೇಳಬೇಕು. ನಾನು ಹೇಳಲಿಲ್ಲ. ಫೋನಿನಲ್ಲಿ ಡ್ರೈವರಿಗೆ ಬೈಯುತ್ತಾ ಬಂದೂಕನ್ನು ಮೇಜಿನ ಮೇಲೆ ಇಟ್ಟೆ, ಬೈದು ಮುಗಿಸುವಷ್ಟರಲ್ಲಿ ಗುಂಡು ತುಂಬಿದ್ದು ಮರೆತುಹೋಗಿತ್ತು.

ವನಜಕ್ಕ ಒಬ್ಬೊಬ್ಬರದೇ ನೋಡಿಕೊಂಡು ನನ್ನ ಹತ್ತಿರ ಬಂದಳು. "ದಯಣ್ಣ, ಬಿಚ್ಚಿ."

"ಖಾಲಿ ಕಣಕ್ಕ, ಎಲ್ಲಾ ಹೊಡ್ದು ಮುಗ್ಸಿದೀನಿ. ಲಾರಿ ನಿಂತೈತೆ, ಬೇಗ ಬುಡು."

ಅವಳು ಬಂದೂಕು ಎತ್ತಿಕೊಂಡಳು. ಬಿಚ್ಚಲಿಲ್ಲ. ಕಿವಿಯ ಹತ್ತಿರ ತಂದು ಎರಡು ಸಲ ಅಲ್ಲಾಡಿಸಿದಳು.

ನಾನು ಕಣ್ಣಾರೆ ನೋಡಿದೆ. ತೆಂಗಿನಕಾಯಿ ಅಲ್ಲಾಡಿಸಿದ ಹಾಗೆಯೇ, ತಲೆ ಸ್ವಲ್ಪ ಓರೆ ಮಾಡಿ, ಎತ್ತಲೋ ನೋಡುತ್ತಾ. ಆಮೇಲೆ "ಖಾಲಿ" ಅಂತ ನನ್ನ ಕೈಗೆ ಕೊಟ್ಟು ಮುಂದೆ ಹೋದಳು. ಬೆಳಗಿನಿಂದ ಆ ಕೈ ಅದನ್ನೇ ಮಾಡಿಕೊಂಡು ಬಂದಿತ್ತು, ಬಂದೂಕಿಗೂ ಅದನ್ನೇ ಮಾಡಿತು. ಅವಳಿಗೆ ಗೊತ್ತೇ ಆಗಿಲ್ಲ. ನನಗೆ ಗೊತ್ತಾಯಿತು, ಮತ್ತು ನಗು ಬಂತು. ತಡೆದು ಹೇಳಬೇಕಾದ ಹೊತ್ತಲ್ಲಿ ನಕ್ಕೆನಲ್ಲ ಅಂತ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಪೆಟ್ಟಿಗೆಗೆ ಇಡುವ ಮುಂಚೆ ಒಳಗಿನ ಬಿಗಿ ಸಡಿಲಾಗಲಿ ಅಂತ ಒಂದು ಸಲ ಟ್ರಿಗರ್ ಒತ್ತುವುದು ನನ್ನ ಹಳೇ ಚಾಳಿ. ಗೋಡೆ ಕಡೆ ತಿರುಗಿಸಿ ಒತ್ತಬೇಕಿತ್ತು. ಪೆಟ್ಟಿಗೆ ಇದ್ದದ್ದು ಬಾಗಿಲ ಕಡೆ, ನಾನೂ ಹಾಗೇ ತಿರುಗಿ ಒತ್ತಿದೆ. ಟಪ್ ಅಂದಿತು.

ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಶೂ ಬಿಚ್ಚುತ್ತಿದ್ದ ಮೋಹನ್ ಕುಮಾರ್ "ಅಯ್, ಏನೋ ಕಚ್ತು" ಅಂತ ಮೀನಖಂಡ ಹಿಡಿದುಕೊಂಡ. ಕೈ ತೆಗೆದಾಗ ಪ್ಯಾಂಟಿನಲ್ಲಿ ಚಿಕ್ಕ ತೂತು, ಬೆರಳೆಲ್ಲ ರಕ್ತ. ಆ ಕುರ್ಚಿಯಲ್ಲಿ ಅವನು ಬಗ್ಗಿಕೊಂಡು ಕೂತಿದ್ದ. ನನ್ನ ಕೈ ಇನ್ನೊಂದು ಗೇಣು ಮೇಲಿದ್ದಿದ್ದರೆ ಅವನ ಮುಖ ಇತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಮೋಹನನೇ, "ಮೊಳೆ ಚುಚ್ತು ಅಂತೀನಿ ಬುಡ್ರೀ. ಅಕ್ಕ ಬೇರೆ ಮುಂದಿನ ವಾರ ಹೊರಡ್ಬೇಕು" ಅಂದ. ನನಗೆ ಜೀವ ಬಂದ ಹಾಗಾಯಿತು. ಆದರೆ ಡಾಕ್ಟರ್ ಬಂದ ಕೂಡಲೇ ವನಜಕ್ಕ ಮುಂದೆ ಹೋಗಿ, "ಏರ್ ರೈಫಲ್ ಗುಂಡು ಸಾ. ಐದಾರು ಮಾರು ದೂರದಿಂದ ಬಿದ್ದೈತೆ. ಒಳಗೇ ಐತೆ" ಅಂದಳು. ಡಾಕ್ಟರಿಗೆ ಸರಿಯಾಗಿ ಗೊತ್ತಾದದ್ದರಿಂದ ಗುಂಡು ಬೇಗ ಸಿಕ್ಕಿತು. ನರಕ್ಕೆ ತಗುಲಿರಲಿಲ್ಲ. ಆದರೆ ಮೂರು ವಾರ ಕಾಲೂರಿ ನಿಲ್ಲಬಾರದು ಅಂದರು. ಮೋಹನನ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ.

ಗುರುವಾರ ಜಿಲ್ಲಾ ಸಂಘದಿಂದ ವಿಚಾರಣೆಗೆ ಜ್ಯೋತಿಲಕ್ಷ್ಮಿ ಅನ್ನುವ ಮೇಡಂ ಬರುವುದೆಂದಾಯಿತು. ಬುಧವಾರವೇ ನಾವು ಏಳೆಂಟು ಜನ ಸೇರಿ ಒಂದು ಪತ್ರ ತಯಾರು ಮಾಡಿದೆವು. ಬಂದೂಕು ಹಳೆಯದು, ಟ್ರಿಗರಿನಲ್ಲಿ ದೋಷ ಇತ್ತು, ಮುಟ್ಟಿದ ಮಾತ್ರಕ್ಕೇ ಹಾರಿತು. ಹೀಗೆ ಬರೆದರೆ ಕ್ಲಬ್ಬು ಉಳಿಯುತ್ತದೆ, ವನಜಕ್ಕನ ಕಾರ್ಡು ಉಳಿಯುತ್ತದೆ, ರಾಜ್ಯ ಸ್ಪರ್ಧೆಗೆ ಹೋಗುತ್ತಾಳೆ. ಅವಳಿಗೋಸ್ಕರ ಅಂತ ನಾವೆಲ್ಲ ಹೇಳಿಕೊಂಡೆವು. ನಾನು ಎಲ್ಲರಿಗಿಂತ ಜೋರಾಗಿ ಹೇಳಿದೆ. ಅವಳು ಮೂಲೆಯಲ್ಲಿ ಲೋಟ ತೊಳೆಯುತ್ತಿದ್ದಳು, ಆ ಕಡೆಯಿಂದ ಒಂದು ಮಾತೂ ಬರಲಿಲ್ಲ. ಒಪ್ಪಿದ್ದಾಳೆ ಅಂದುಕೊಂಡೆ.

ಗುರುವಾರ ಮೇಡಂ ಬಂದರು. ಮೇಜಿನ ಮೇಲೆ ನನ್ನ ಬಂದೂಕು ಇತ್ತು. ಬೋರಯ್ಯ ಬಿಳಿ ಪಂಚೆ ಉಟ್ಟು ಬಂದು ಬಾಗಿಲ ಪಕ್ಕ ನಿಂತಿದ್ದ. ನಮ್ಮ ಅಧ್ಯಕ್ಷರು ಪತ್ರ ಓದಿದರು. ಓದಿ ಮುಗಿಸುವ ಮುಂಚೆಯೇ ವನಜಕ್ಕ ಎದ್ದು ನಿಂತಳು.

"ಮೇಡಂ, ಬಂದೂಕು ಚೆನ್ನಾಗೈತೆ. ಅದ್ರ ಮೇಲೆ ಹಾಕ್ಬೇಡಿ."

"ಹಾಗಾದ್ರೆ?"

"ನಾನು ಬಿಚ್ಚಿ ನೋಡ್ಲಿಲ್ಲ. ದಾರಾನೂ ಹಾಕ್ಲಿಲ್ಲ. ಅಲ್ಲಾಡಿಸ್ದೆ."

ಮೇಡಂಗೆ ಅರ್ಥವಾಗಲಿಲ್ಲ. "ಅಲ್ಲಾಡಿಸಿದ್ರಾ? ಯಾಕೆ?"

"ಕಾಯಿ ನೋಡ್ದಂಗೆ ನೋಡ್ದೆ." ಅವಳು ಕೈಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿ ತೋರಿಸಿದಳು. "ಭಾನ್ವಾರ ಬೆಳಿಗ್ಗೆ ಕಾಯಿ ಆರಿಸಿ ಬಂದಿದ್ದೆ, ಕೈ ಅದೇ ಗ್ಯಾನದಾಗಿತ್ತು. ಅದು ನೆಪ ಅಲ್ಲ ಮೇಡಂ, ಆಗಿದ್ದು ಹೇಳ್ತಾ ಇವ್ನಿ. ಸದ್ದು ಬರ್ದಿದ್ ಕಾಯಿ ಖಾಲಿ ಅಲ್ಲ, ಒಳಗೆ ಹಸಿ ಐತೆ ಅಂತ ನಲವತ್ತು ವರ್ಷದಿಂದ ನಾನೇ ಎಲ್ರಿಗೂ ಹೇಳ್ಕೊಟ್ಟಿವ್ನಿ. ಅಂಥೋಳು ಸದ್ದು ಬರ್ದಿದ್ ಬಂದೂಕ ಖಾಲಿ ಅಂದ್ಬುಟ್ಟೆ."

ಬೋರಯ್ಯ ನೆಲ ನೋಡುತ್ತಿದ್ದ.

"ಟ್ರಿಗರ್ ಒತ್ತಿದ್ದು ಯಾರು?" ಮೇಡಂ ಕೇಳಿದರು.

ವನಜಕ್ಕ ನನ್ನ ಕಡೆ ತಿರುಗಲೂ ಇಲ್ಲ. "ನನ್ ಕಣ್ಣಿನ್ ವಿಚಾರ ನಾನು ಹೇಳಿದೀನಿ. ಬೆರಳಿನ್ ವಿಚಾರ ಆ ಬೆರಳಿನೋರೇ ಹೇಳ್ಬೇಕು ಮೇಡಂ. ನಾನು ಹೇಳೋದಲ್ಲ" ಅಂತ ಕೂತಳು.

ಪತ್ರದಲ್ಲಿ ನನ್ನ ಸಹಿ ಎಲ್ಲರಿಗಿಂತ ಮೇಲಿತ್ತು. ಸುಮ್ಮನೆ ಕೂತಿದ್ದರೆ ಅಧ್ಯಕ್ಷರು ಏನಾದರೂ ಹೇಳಿ ಸಂಭಾಳಿಸುತ್ತಿದ್ದರು. ಕೂತೇ ಇದ್ದೆ ಕೂಡ, ಒಂದು ನಿಮಿಷ ಇರಬಹುದು. ಆಮೇಲೆ ಎದ್ದೆ. ಗುಂಡು ತುಂಬಿದ್ದು ನಾನು, ಹೇಳದೆ ಇದ್ದದ್ದು ನಾನು, ಖಾಲಿ ಅಂತ ನೋಡದೇ ಹೇಳಿ ಅವಸರ ಮಾಡಿದ್ದು ನಾನು, ಅವಳು ಅಲ್ಲಾಡಿಸಿದ್ದು ನೋಡಿ ನಕ್ಕದ್ದು ನಾನು, ಜನ ಇರುವ ಕಡೆ ಮೂತಿ ಮಾಡಿ ಒತ್ತಿದ್ದು ನಾನು ಅಂದೆ. ಪತ್ರ ಸುಳ್ಳು ಅಂತಲೂ ಹೇಳಿದೆ. ಭಾನುವಾರದಿಂದ ಗಂಟಲಲ್ಲಿ ಇಳಿಯದಿದ್ದ ಅನ್ನ ಅವತ್ತು ಮಧ್ಯಾಹ್ನ ಇಳಿಯಿತು.

ನನಗೆ ಆರು ತಿಂಗಳು ರೇಂಜಿಗೆ ಬರದಂತೆ ಆಯಿತು. ವನಜಕ್ಕನ ಕಾರ್ಡು ಒಂದು ವರ್ಷ ರದ್ದು, ಮತ್ತೆ ಬೇಕಾದರೆ ಮೊದಲಿಂದ ಪರೀಕ್ಷೆ ಬರೆಯಬೇಕು. ರಾಜ್ಯ ಸ್ಪರ್ಧೆಯ ಪತ್ರವನ್ನೂ ವಾಪಸು ತೆಗೆದುಕೊಂಡರು. ಬೋರಯ್ಯ ಜೇಬಿನಿಂದ ಆ ಪ್ಲಾಸ್ಟಿಕ್ ಕವರು ತೆಗೆದು, ಒಳಗಿನ ಕಾಗದದ ಮಡಿಕೆ ಬಿಡಿಸಿ, ಮೇಡಂ ಮುಂದೆ ಇಟ್ಟ. ಅದನ್ನು ನೋಡಲಾಗದೆ ನಾನು ಹೊರಗೆ ಹೋದೆ.

ನನಗೆ ಕಮ್ಮಿ, ಅವಳಿಗೆ ಜಾಸ್ತಿ, ಇದ್ಯಾವ ನ್ಯಾಯ ಅಂತ ನಾನು ಬಸ್‌ಸ್ಟ್ಯಾಂಡಿನವರೆಗೂ ಕೂಗಾಡುತ್ತಾ ಅವಳ ಜೊತೆ ಹೋದೆ.

"ಸರಿಯಾಗೇ ಕೊಟ್ಟವ್ರೆ ಬುಡಿ ದಯಣ್ಣ," ಅಂದಳು. "ನೀವು ಮರೀತೀರ ಅಂತಾನೇ ಅಲ್ವಾ ನನ್ನ ಅಲ್ಲಿ ನಿಲ್ಸಿದ್ದು? ಮರ್ಯೋರು ಇಲ್ದಿದ್ರೆ ನಾನ್ಯಾಕೆ ಬೇಕಿತ್ತು?"

ಬಸ್ಸು ಬಂತು. ಹತ್ತುವಾಗ ಅವಳು ಅಳುತ್ತಿದ್ದಳು.

ಆ ಒಂದು ವರ್ಷ ಅವಳಿಗೆ ಸಲೀಸಾಗಿರಲಿಲ್ಲ. "ಯಾವಾಗವ್ವ ಹೊರಡಾದು?" ಅಂತ ಊರಲ್ಲಿ ಗೊತ್ತಿದ್ದೂ ಕೇಳುವವರು ಇದ್ದರು. ಬೋರಯ್ಯ ಒಂದಿಬ್ಬರ ಮೇಲೆ ಜಗಳಕ್ಕೂ ಹೋದನಂತೆ. ಅವಳು ಕ್ಲಬ್ಬಿಗೆ ಬರುವುದು ಬಿಡಲಿಲ್ಲ. ಗುಡಿಸಿ, ಕಾಫಿ ಮಾಡಿ, ಬಂದೂಕು ಹೊರಬರುವ ಹೊತ್ತಿಗೆ ತಾನಾಗಿಯೇ ಎದ್ದು ಹೊರಗೆ ಹೋಗಿ ಕೂರುತ್ತಿದ್ದಳು. ಮೊದಲ ಆರು ತಿಂಗಳು ನಾನೂ ಅಲ್ಲೇ ಕೂರುತ್ತಿದ್ದೆ. ಮತ್ತೆ ಯಾರ ಮನೆಗೂ ಅವಳು ಕಾಯಿ ಆರಿಸಲು ಹೋಗಲಿಲ್ಲ. ಹಳೇ ಯಜಮಾನರು ಬಂದು ಕರೆದರೂ ಕೈ ಮುಗಿದು ಕಳಿಸಿದಳು. ಅಷ್ಟು ಒಳ್ಳೆಯ ಕಿವಿ ಸುಮ್ಮನಾಯಿತಲ್ಲ ಅಂತ ನನಗೆ ತುಂಬಾ ಸಂಕಟವಾಗುತ್ತಿತ್ತು.

ವರ್ಷ ಕಳೆದ ಮೇಲೆ ಪರೀಕ್ಷೆ ಬರೆದು ಪಾಸಾದಳು. ಅಷ್ಟರಲ್ಲಿ ಸಿಂಧು ಅನ್ನುವ ಹುಡುಗಿಯೂ, ಕಂದಿಕೆರೆಯ ಕಡೆಯವಳು, ನಮ್ಮಲ್ಲಿ ರೇಂಜ್ ಆಫೀಸರಾಗಿದ್ದಳು. ಕಳೆದ ತಿಂಗಳು ಜಿಲ್ಲಾ ಆಯ್ಕೆಯ ದಿನ ಇಬ್ಬರಿಗೂ ಕೆಲಸ. ಹೊಡೆದು ಮುಗಿದ ಮೇಲೆ ಬಂದೂಕು ತೋರಿಸಲು ಎರಡು ಮೇಜು ಹಾಕಿದ್ದರು. ಒಂದರ ಹಿಂದೆ ಸಿಂಧು, ಇನ್ನೊಂದರ ಹಿಂದೆ ವನಜಕ್ಕ.

ಎಲ್ಲರೂ ಸಿಂಧು ಮೇಜಿಗೆ ಹೋದರು. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಒಬ್ಬರ ಹಿಂದೆ ಒಬ್ಬರು ಅಲ್ಲೇ ನಿಂತರು. ಇಪ್ಪತ್ತು ಜನ ಇರಬಹುದು. ಈ ಮೇಜಿನ ಹಿಂದೆ ವನಜಕ್ಕ ಕಿತ್ತಳೆ ದಾರ ಕೈಯಲ್ಲಿ ಹಿಡಿದು ಒಬ್ಬಳೇ ನಿಂತಿದ್ದಳು. ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ನಾನು ಹೋಗಬೇಕು ಅಂದುಕೊಂಡೆ. ನಾನು ಹೋದರೆ, ಇಬ್ಬರು ತಪ್ಪಿತಸ್ಥರು ಒಂದು ಕಡೆ ಅಂತ ಜನ ನಗುತ್ತಾರೇನೋ, ಅದು ಅವಳಿಗೆ ಇನ್ನೂ ಅವಮಾನ ಆಗುತ್ತದೇನೋ ಅಂತ ನಿಂತಲ್ಲೇ ನಿಂತೆ.

ಅಷ್ಟರಲ್ಲಿ ಮೋಹನ್ ಕುಮಾರ್ ಆ ಸಾಲಿನಿಂದ ಆಚೆ ಬಂದ. ಕಾಲು ಈಗ ಸರಿಯಾಗಿದೆ, ಚಳಿಗೆ ಮಾತ್ರ ಸ್ವಲ್ಪ ಎಳೆಯುತ್ತದಂತೆ. ಬಂದೂಕನ್ನು ಬಿಚ್ಚಿ, ಮೂತಿ ಗೋಡೆ ಕಡೆ ಮಾಡಿ, ವನಜಕ್ಕನ ಮುಂದೆ ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ನಿಂತ.

ಅವಳು ಬಗ್ಗಿ ನೋಡಿದಳು. ದಾರ ತೂರಿಸಲು ಹೋದರೆ ತುದಿ ಪಕ್ಕಕ್ಕೆ ಜಾರಿ ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಮಾಡಿದಳು, ಆಗಲೂ ಇಲ್ಲ. ಆ ಕಡೆಯ ಸಾಲಿನವರು ಎಲ್ಲ ತಿರುಗಿ ನೋಡುತ್ತಿದ್ದರು.

"ನಿಧಾನಕ್ಕೆ ನೋಡಕ್ಕ," ಅಂದ ಮೋಹನ. "ಎಷ್ಟೊತ್ತಾದ್ರೂ ಆಗ್ಲಿ. ನೀನು ನೋಡ್ದಿದ್ರೆ ನಾನು ಪೆಟ್ಗೆಗೆ ಇಡಾಕಿಲ್ಲ."

ಮೂರನೇ ಸಲ ದಾರ ಒಳಗೆ ಹೋಯಿತು. ಅವಳು ಮೇಜು ಬಳಸಿ ಆ ತುದಿಗೆ ನಡೆದು, ಬಗ್ಗಿ, ನಳಿಕೆಯಿಂದ ಹೊರಬಂದ ಕಿತ್ತಳೆ ತುದಿಯನ್ನು ನೋಡಿದಳು. ವಾಪಸು ಬಂದು ಗುಂಡು ಕೂರುವ ಜಾಗವನ್ನು ಮತ್ತೊಮ್ಮೆ ನೋಡಿದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ತಲೆ ಎತ್ತಿದಳು.

ಖಾಲಿ ಅನ್ನುತ್ತಾಳೆ ಅಂದುಕೊಂಡಿದ್ದೆ. ನಿಯಮದಲ್ಲಿ ಇರುವುದು ಅದೇ ಮಾತು.

"ಕಂಡೆ ಕಣಪ್ಪ," ಅಂದಳು.